ಬಿಚ್ಚಿಟ್ಟ ಹಳೆಯ ಕಾರನ್ನು ಕೊಳ್ಳುವ ಮುನ್ನ

ಕಾಶೀಯಾತ್ರೆಗೆ ಹೋದವರು ಪಂಚತೀರ್ಥಗಳಲ್ಲಿ ಸ್ನಾನ ಮಾಡಿ ಬರುವುದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಅಸ್ಸೀ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ ಘಾಟ್‌ಗಳನ್ನು ದೋಣಿಯಲ್ಲಿ ಮುಗಿಸಿಕೊಂಡು ಕಡೆಗೆ ಮಣಿಕರ್ಣಿಕಾ ಘಾಟ್‌ಗೆ ಬರುತ್ತಾರೆ. 2022ರ ಕಾರ್ತಿಕ ಮಾಸದಲ್ಲಿ ನಾವು ಅಲ್ಲಿಗೆ ಹೋದದ್ದು ಮೈಸೂರಿನಲ್ಲಿ ತೀರಿಕೊಂಡ ನಮ್ಮ ಭಾವನವರ ಅಸ್ಥಿವಿಸರ್ಜನೆಗಾಗಿ. ಜೊತೆಯಲ್ಲಿ ಅಕ್ಕ ಇದ್ದರು, ಪುಣೆಯಲ್ಲಿ ನೌಕರಿಯಲ್ಲಿರುವ ಅವರ ಮಗನಿದ್ದ. ಹಗಲಿರುಳೆನ್ನದೆ ಉರಿಯುವ ಚಿತೆಗಳು, ಮನೆಯೆತ್ತರಕ್ಕೆ ಒಟ್ಟಿದ ಸೌದೆಯ ರಾಶಿಗಳು, ಸೌದೆಯನ್ನು ತೂಗಿ ಕೊಡುವ ದೊಡ್ಡ ತಕ್ಕಡಿಗಳು, ಇವುಗಳ ನಡುವೆ ಕರ್ಮಾಂತರವೆಲ್ಲ ಮುಗಿದು ಮೆಟ್ಟಿಲ ಮೇಲೆ ಕುಳಿತಿದ್ದಾಗ ಹುಡುಗ ಮೆಲ್ಲನೆ ಕೇಳಿದ: “ಮಾವ, ಶೆಡ್ಡಿನಲ್ಲಿರುವ ಫಿಯಟ್ ಏನು ಮಾಡೋಣ? ಗುಜರಿಯವರು ಎರಡು ಸಲ ಬಂದು ಕೇಳಿ ಹೋದರು. ನೀವು ತೆಗೆದುಕೊಳ್ಳುತ್ತೀರಾ?”

ಅಕ್ಕ ಏನೂ ಹೇಳಲಿಲ್ಲ. ಮುಖವನ್ನು ನದಿಯ ಕಡೆಗೆ ತಿರುಗಿಸಿಕೊಂಡರು.

ಆ ಕಾರು 1966ರ ಫಿಯಟ್ 1100 ಡಿಲೈಟ್. ಭಾವನವರು ನಿವೃತ್ತರಾದ ಮೇಲೆ ಅದನ್ನು ಮೊದಲಿನಂತೆ ಮಾಡಬೇಕೆಂದು ಹೊರಟು ಒಂದೊಂದು ತಿರುಪನ್ನೂ ತಾವೇ ಬಿಚ್ಚಿದ್ದರು. ಅವರು ಹೋಗುವ ಹೊತ್ತಿಗೆ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಬೂದುಬಣ್ಣದ ಒಂದು ಖಾಲಿ ಒಡಲು, ಸುತ್ತ ಹನ್ನೊಂದು ಪೆಟ್ಟಿಗೆಗಳು, ಲೆಕ್ಕವಿಲ್ಲದಷ್ಟು ಹಾರ್ಲಿಕ್ಸ್ ಬಾಟಲಿಗಳು ಉಳಿದಿದ್ದವು. ನಾವು ಮುಂಬಯಿಯವರು, ಕಾರು ಮೈಸೂರಿನದು, ನಮಗೆ ಯಂತ್ರಗಳ ಬಗ್ಗೆ ಇದ್ದದ್ದು ಪ್ರೀತಿಯೇ ಹೊರತು ತಿಳಿವಳಿಕೆಯಲ್ಲ. ಆದರೂ ಗಂಗೆಯ ದಡದಲ್ಲಿ ಬೇಡವೆನ್ನಲು ಬಾಯಿ ಬರಲಿಲ್ಲ. ಅಲ್ಲಿಂದ ಮುಂದಿನ ಮೂರು ವರ್ಷಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಓದುಗರಲ್ಲಿ ಹಲವರ ಊರಮನೆಗಳಲ್ಲಿ ಇಂತಹದೊಂದು ಫಿಯಟ್, ಅಂಬಾಸಡರ್ ಅಥವಾ ಹೆರಾಲ್ಡ್ ತಾಡಪಾಲು ಹೊದ್ದು ನಿಂತಿರುವುದು ನಮಗೆ ಗೊತ್ತು. ಅರ್ಧಕ್ಕೆ ನಿಂತ ಕೆಲಸವನ್ನು ಕೊಳ್ಳುವುದೆಂದರೆ ಏನೆಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಧೂಳು ಹಿಡಿದದ್ದೂ ಬಿಚ್ಚಿದ್ದೂ

ಮರುದಿನ ಗಂಗೆಯ ಆಚೆ ದಡದಲ್ಲಿರುವ ರಾಮನಗರದ ಕೋಟೆಗೆ ಹೋದೆವು. ಕಾಶೀ ಮಹಾರಾಜರ ಆ ಅರಮನೆಯ ಸರಸ್ವತಿ ಭವನದ ಸಂಗ್ರಹಾಲಯದಲ್ಲಿ ಪಲ್ಲಕ್ಕಿಗಳು, ಅಂಬಾರಿಗಳು, ಆಯುಧಗಳ ಜೊತೆಗೆ ಅಮೆರಿಕದ ಹಳೆಯ ಕಾರುಗಳೂ ಇವೆ. ಅವುಗಳ ಮೇಲೆ ಧೂಳು ಕುಳಿತಿತ್ತು. ನಮ್ಮ ಹುಡುಗ “ಇವಕ್ಕಿಂತ ಅಪ್ಪನ ಕಾರೇ ಮೇಲು, ಪ್ರೈಮರ್ ಹೊಡೆದು ಎಷ್ಟು ಅಚ್ಚುಕಟ್ಟಾಗಿಟ್ಟಿದ್ದಾರೆ” ಎಂದ. ನಮಗೂ ಆಗ ಹಾಗೆಯೇ ಅನ್ನಿಸಿತ್ತು. ಅದು ತಪ್ಪೆಂದು ತಿಳಿಯಲು ಒಂದು ವರ್ಷ ಬೇಕಾಯಿತು.

ಧೂಳು ಹಿಡಿದು ನಿಂತ ಕಾರು ಎಷ್ಟೇ ಮುಪ್ಪಾಗಿರಲಿ, ಅದು ಪೂರ್ಣವಾದದ್ದು. ಯಾವ ತಿರುಪು ಎಲ್ಲಿಯದು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಾರೇ ಹೇಳುತ್ತದೆ. ಬಿಚ್ಚಿಟ್ಟ ಕಾರಿನಲ್ಲಿ ಆ ತಿಳಿವಳಿಕೆಯೆಲ್ಲ ಬಿಚ್ಚಿದವರ ತಲೆಗೆ ವರ್ಗವಾಗಿರುತ್ತದೆ. ಅವರು ಬದುಕಿದ್ದರೆ ಕೇಳಬಹುದು. ಇಲ್ಲದಿದ್ದರೆ ಕೊಂಡವರಿಗೆ ಸಿಗುವುದು ಕಬ್ಬಿಣ ಮಾತ್ರ. ಆದ್ದರಿಂದ ‘ಅರ್ಧ ಕೆಲಸ ಆಗಿದೆ, ಇನ್ನರ್ಧ ಮಾಡಿದರಾಯಿತು’ ಎಂಬ ಲೆಕ್ಕವೇ ಸುಳ್ಳು. ಅರ್ಧ ಆದ ಕೆಲಸಕ್ಕೆ, ಆಗದ ಕೆಲಸಕ್ಕಿಂತ ಕಡಿಮೆ ಬೆಲೆ ಕೊಡಬೇಕು. ಮಾರುವವರು ಕೇಳುವುದು ಇದಕ್ಕೆ ನೇರ ವಿರುದ್ಧವಾಗಿ, ಅದುವರೆಗೆ ಖರ್ಚು ಮಾಡಿದ್ದನ್ನೆಲ್ಲ ಕೂಡಿಸಿಕೊಂಡು. ಅಂದಹಾಗೆ ಮಣಿಕರ್ಣಿಕೆಯ ಪಕ್ಕದಲ್ಲಿ ಒಂದು ಕಡೆಗೆ ವಾಲಿಕೊಂಡು ನಿಂತಿರುವ ರತ್ನೇಶ್ವರ ಮಹಾದೇವ ಮಂದಿರವನ್ನು ನೋಡಿದವರು ನೋಡಿರಬಹುದು. ನಮ್ಮ ಅಂಬಿಗ ಅದನ್ನು ತೋರಿಸುತ್ತಾ, ನೆಟ್ಟಗೆ ಮಾಡುತ್ತೇವೆಂದು ಯಾರೂ ಕೈಹಾಕದ್ದಕ್ಕೇ ಇನ್ನೂ ನಿಂತಿದೆ ಎಂದಿದ್ದ!

ಪೆಟ್ಟಿಗೆಗಳನ್ನು ಎಣಿಸುವುದು

ಮೈಸೂರಿಗೆ ಬಂದು ನಾವು ಮಾಡಿದ ಮೊದಲ ಕೆಲಸ ಹನ್ನೊಂದು ಪೆಟ್ಟಿಗೆಗಳನ್ನೂ ನೆಲದ ಮೇಲೆ ಸುರಿದದ್ದು. ಮೊದಲ ಮೂರು ಪೆಟ್ಟಿಗೆಗಳಲ್ಲಿ ಪ್ರತಿಯೊಂದಕ್ಕೂ ಭಾವನವರ ಮುದ್ದಾದ ಅಕ್ಷರದ ಚೀಟಿ ಇತ್ತು: ‘ಎಡ ಮುಂಬಾಗಿಲು, ಮೇಲಿನ ಕೀಲು’, ‘ಡೈನಮೊ ಹಿಡಿಕೆ’. ನಾಲ್ಕನೆಯದರಲ್ಲಿ ಚೀಟಿಗಳು ವಿರಳವಾದವು. ಆರನೆಯದರಿಂದ ಮುಂದೆ ಒಂದೂ ಇರಲಿಲ್ಲ. ಅವರ ಆರೋಗ್ಯ ಕೆಟ್ಟದ್ದು ಯಾವಾಗ ಎಂಬುದು ಆ ಪೆಟ್ಟಿಗೆಗಳಿಂದಲೇ ತಿಳಿಯುವಂತಿತ್ತು.

ಕೊಳ್ಳುವವರು ಈ ಎಣಿಕೆಯನ್ನು ಹಣ ಕೊಡುವ ಮೊದಲೇ ಮಾಡಬೇಕು. ಅದೇ ಮಾದರಿಯ, ಓಡುವ ಸ್ಥಿತಿಯಲ್ಲಿರುವ ಇನ್ನೊಂದು ಕಾರನ್ನು ಪತ್ತೆಮಾಡಿ, ಅದರ ಎದುರು ನಿಂತು ಮುಂದಿನ ಬಂಪರಿನಿಂದ ಹಿಂದಿನ ದೀಪದವರೆಗೆ ಪಟ್ಟಿ ಬರೆದುಕೊಳ್ಳುವುದು ಸುಲಭದ ಉಪಾಯ. ಅಂತಹ ಕಾರು ಹತ್ತಿರದಲ್ಲಿ ಸಿಗದಿದ್ದರೆ, ಧರ್ಮಸ್ಥಳದ ಸಂಗ್ರಹದ ಹಳೆಯ ಕಾರುಗಳನ್ನು ಇರಿಸಿರುವ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನು ನೋಡಿ ಬರಬಹುದು. ಪೂರ್ಣಗೊಂಡ ಹಳೆಯ ಕಾರು ಹೇಗಿರುತ್ತದೆ ಎಂಬುದು ಕಣ್ಣಿಗೆ ಒಮ್ಮೆ ಕೂಡಬೇಕು. ಕೊರತೆ ಯಾವಾಗಲೂ ಸಣ್ಣ ವಸ್ತುಗಳದೇ. ಎಂಜಿನ್, ಬಾಗಿಲು, ಚಕ್ರಗಳನ್ನು ಯಾರೂ ಕಳೆಯುವುದಿಲ್ಲ. ಕಿಟಕಿ ಏರಿಸುವ ಹಿಡಿ, ಬಾಗಿಲಿನ ಬೀಡಿಂಗ್ ರಬ್ಬರು, ಸ್ಟಿಯರಿಂಗ್ ಕಂಬದ ಮೇಲಿನ ಗೇರು ಕಡ್ಡಿಯ ಸಣ್ಣ ಸಂಧಿಗಳು, ಕ್ರೋಮಿನ ಪಟ್ಟಿಗಳು, ಅವುಗಳನ್ನು ಹಿಡಿದಿಡುವ ಕ್ಲಿಪ್ಪುಗಳು ಇರುವುದಿಲ್ಲ. ಒಂದು ಎಂಜಿನನ್ನು ಸರಿಮಾಡಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಗೇರು ಕಡ್ಡಿಯ ಒಂದು ಹಿತ್ತಾಳೆಯ ಬುಷ್ಷಿಗಾಗಿ ಏಳು ತಿಂಗಳು ಅಲೆದು ಕಡೆಗೆ ಲೇತಿನಲ್ಲಿ ಕಡೆಸಿದೆವು.

ಬೋಲ್ಟುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಫಿಯಟ್ಟಿನ ಬೋಲ್ಟುಗಳು ಮಿಲಿಮೀಟರ್ ಅಳತೆಯವು. ಇಂಗ್ಲೆಂಡಿನ ಮೂಲದ ಅಂಬಾಸಡರ್, ಹೆರಾಲ್ಡ್‌ಗಳದು ಇಂಚಿನ ಅಳತೆ. ಎರಡೂ ಬೆರೆತ ಡಬ್ಬಿಯಿಂದ ಹತ್ತಿರಹತ್ತಿರ ಕೂರುವ ಒಂದನ್ನು ತೆಗೆದು ಬಲವಂತವಾಗಿ ತಿರುಗಿಸಿದರೆ ಬೋಲ್ಟು ಹೋಗುವುದಲ್ಲದೆ ಅದು ಕೂರುವ ಭಾಗದ ಮರೆಯೂ ಸವೆದುಹೋಗುತ್ತದೆ. ನಾವು ಎರಡು ಕಡೆ ಹೀಗೆ ಮಾಡಿಕೊಂಡೆವು.

ಪೆಟ್ಟಿಗೆಗಳಲ್ಲಿ ಇಲ್ಲದ ಭಾಗಗಳು ಇನ್ನೊಬ್ಬರ ಬಳಿ ಇರುವುದೂ ಉಂಟು. ನಮ್ಮ ಎಂಜಿನ್ ಊರಿನ ಒಂದು ಗ್ಯಾರೇಜಿನಲ್ಲಿತ್ತು. ಭಾವನವರು ಮುಂಗಡ ಕೊಟ್ಟಿದ್ದರೆಂದು ಅಕ್ಕನಿಗೆ ನೆನಪಿತ್ತು, ಚೀಟಿ ಇರಲಿಲ್ಲ. ಗ್ಯಾರೇಜಿನವರು ಮುಂಗಡದ ಮಾತನ್ನು ಒಪ್ಪದೆ, ನಾಲ್ಕು ವರ್ಷ ಜಾಗ ಹಿಡಿದದ್ದಕ್ಕೆ ಬಾಡಿಗೆ ಕೇಳಿದರು. ಕೊಟ್ಟೆವು. ಅವರು ಕೊಟ್ಟ ಎಂಜಿನ್ ಬ್ಲಾಕನ್ನು ಮನೆಗೆ ತಂದು ಉಜ್ಜಿ ನೋಡಿದರೆ ಅದರ ಮೇಲಿನ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿದ್ದ ಸಂಖ್ಯೆಯಲ್ಲ! ಮೂರು ಸಲ ಹೋಗಿ ಬಂದ ಮೇಲೆ ಅದೇ ಅಂಗಳದ ಮೂಲೆಯಲ್ಲಿ, ಹಳೆಯ ಟೈರುಗಳ ಕೆಳಗೆ ನಮ್ಮ ಬ್ಲಾಕ್ ಸಿಕ್ಕಿತು. ಅದರ ಸಿಲಿಂಡರ್ ಹೆಡ್ ಮಾತ್ರ ಸಿಗಲೇ ಇಲ್ಲ. ಕೊಳ್ಳುವವರು ಹೊರಗಿರುವ ಭಾಗಗಳೆಷ್ಟು, ಯಾರ ಬಳಿ, ಯಾರಿಗೆ ಎಷ್ಟು ಬಾಕಿ ಎಂಬುದನ್ನು ಬರೆಯಿಸಿಕೊಂಡು, ಅವೆಲ್ಲ ಒಂದೇ ಸೂರಿನಡಿ ಬಂದ ಮೇಲೆಯೇ ಬೆಲೆಯ ಮಾತಿಗೆ ತೊಡಗಬೇಕು.

ಬೂದುಬಣ್ಣದ ಕೆಳಗೆ

ಪ್ರೈಮರ್ ಬಳಿದ ಕಾರು ನೋಡಲು ಸಿದ್ಧವಾದಂತೆ ಕಾಣುತ್ತದೆ. ಆದರೆ ಸಾಮಾನ್ಯ ಗ್ಯಾರೇಜುಗಳಲ್ಲಿ ಹೊಡೆಯುವ ಬೂದು ಪ್ರೈಮರ್ ನೀರನ್ನು ತಡೆಯುವ ಬಣ್ಣವಲ್ಲ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಮೇಲೆ ಬಣ್ಣದ ಪದರ ಬೀಳದಿದ್ದರೆ ಗಾಳಿಯ ತೇವವನ್ನು ಹೀರಿಕೊಂಡು ತಗಡಿನವರೆಗೆ ಮುಟ್ಟಿಸುತ್ತದೆ. ನಾಲ್ಕೈದು ಮಳೆಗಾಲಗಳನ್ನು ಪ್ರೈಮರಿನಲ್ಲೇ ಕಳೆದ ಒಡಲು ಮೇಲೆ ನಯವಾಗಿದ್ದು ಕೆಳಗೆ ತುಕ್ಕು ಹಿಡಿದಿರುತ್ತದೆ. ನಮ್ಮದರಲ್ಲಿ ಉಪ್ಪುಕಾಗದ ಹಾಕಿ ಉಜ್ಜಿದಾಗ ಬಾಗಿಲುಗಳ ಕೆಳ ಅಂಚು, ಹಿಂದಿನ ಡಿಕ್ಕಿಯ ತಳ, ಕಾಲಿಡುವ ನೆಲ ಎಲ್ಲವೂ ಜರಡಿಯಾಗಿದ್ದವು. ಟಿಂಕರ್ ಕೆಲಸದವರು ಹಿಂದೊಮ್ಮೆ ತಗ್ಗುಗಳಿಗೆ ಬೆರಳು ದಪ್ಪ ಪುಟ್ಟಿ ತುಂಬಿದ್ದೂ ಆಗಲೇ ಗೊತ್ತಾಯಿತು. ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿಕೊಂಡು ಒಡಲಿನ ಉದ್ದಕ್ಕೂ ಜಾರಿಸುತ್ತಾ ಹೋದರೆ ಪುಟ್ಟಿ ಇರುವಲ್ಲಿ ಅದು ಹಿಡಿಯುವುದಿಲ್ಲ. ಐದು ನಿಮಿಷದ ಈ ಪರೀಕ್ಷೆಯನ್ನು ನಾವು ಕೊಂಡ ಮೇಲೆ ಮಾಡಿದೆವು.

ತುಕ್ಕು ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಜೀಪಿನಲ್ಲಿ ಅಥವಾ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡಿನಲ್ಲಿ ಚಾಸಿ ಬೇರೆ, ಒಡಲು ಬೇರೆ. ಒಡಲಿಗೆ ತುಕ್ಕು ಹಿಡಿದರೂ ಚಾಸಿ ಗಟ್ಟಿಯಿದ್ದರೆ ಕಾರು ನಿಲ್ಲುತ್ತದೆ. ಫಿಯಟ್ 1100 ಮತ್ತು ಅಂಬಾಸಡರುಗಳಲ್ಲಿ ಹಾಗಿಲ್ಲ. ಅಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ, ನೆಲ ಮತ್ತು ಬಾಗಿಲುಗಳ ಕೆಳಗಿನ ಅಡ್ಡಪಟ್ಟಿಗಳೇ ಕಾರಿನ ಬೆನ್ನೆಲುಬು. ಅವು ಸವೆದಿರುವ ಕಾರನ್ನು ಸರಿಯಾದ ಆಧಾರ ಕೊಡದೆ ಕೊಯ್ದು ಬೆಸೆದರೆ ಒಡಲು ಸೊಟ್ಟಗಾಗಿ ಬಾಗಿಲುಗಳು ಮತ್ತೆ ಕೂರುವುದಿಲ್ಲ. ನಮ್ಮ ಖರ್ಚು ಮೊದಲ ಅಂದಾಜಿನ ಎರಡೂವರೆ ಪಟ್ಟಾದದ್ದು ಮುಖ್ಯವಾಗಿ ಇದರಿಂದಲೇ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1089 ಸಿ.ಸಿ.ಯ ಈ ಎಂಜಿನನ್ನು ಬಲ್ಲ ಹಳೆಯ ಮೇಸ್ತ್ರಿಗಳು ಮೈಸೂರು, ಬೆಂಗಳೂರು, ಮುಂಬಯಿಗಳಲ್ಲಿ ಇನ್ನೂ ಇದ್ದಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಹಿಂದೆ ಎಷ್ಟು ಸಲ ಬೋರ್ ಮಾಡಿಸಲಾಗಿದೆ? ಕಡೆಯ ಅಳತೆಯವರೆಗೆ ಬೋರ್ ಆಗಿದ್ದರೆ ಸ್ಲೀವ್ ಕೂರಿಸದೆ ಗತಿಯಿಲ್ಲ. ಬ್ರೇಕಿನ ಭಾಗಗಳನ್ನಂತೂ, ಹಿಂದಿನವರು ಹೊಸದಾಗಿ ಹಾಕಿಸಿದ್ದರೂ ಸರಿ, ಮತ್ತೆ ಬದಲಿಸಲೇಬೇಕು. ಬ್ರೇಕಿನ ದ್ರವ ನೀರಿನಂಶವನ್ನು ಹೀರುವುದರಿಂದ ನಿಂತ ಕಾರಿನ ವೀಲ್ ಸಿಲಿಂಡರುಗಳು ಒಳಗೊಳಗೇ ತುಕ್ಕು ಹಿಡಿದಿರುತ್ತವೆ.

ಬಿಡಿಭಾಗಗಳ ಮಟ್ಟಿಗೆ ಫಿಯಟ್ ಅದೃಷ್ಟವಂತ ಕಾರು. ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಇದೇ ಕಾರನ್ನು ಹೊರರೂಪ ಬದಲಿಸಿ ಪದ್ಮಿನಿಯೆಂಬ ಹೆಸರಿನಿಂದ ದಶಕಗಳ ಕಾಲ ತಯಾರಿಸಿದ್ದರಿಂದ ಯಂತ್ರಭಾಗಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ. ನಾವೂ ಕಳೆದುಹೋದ ಹೆಡ್ಡಿನ ಬದಲಿಗೆ ಪದ್ಮಿನಿಯದನ್ನೇ ಹಾಕಿದೆವು. ಡಿಲೈಟಿನ ಮುಂದಿನ ಜಾಲರಿ, ದೀಪ, ಬಂಪರುಗಳು ಮಾತ್ರ ಬೇರೆ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಈ ಭಾಗಗಳಿಗೆ ಬರವಿರಲಿಲ್ಲ. ಆ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇಂದು ಕುರ್ಲಾದ ಗುಜರಿಗಳಲ್ಲಾಗಲಿ ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ಹುಡುಕುವವರು ಹೆಚ್ಚು, ಸಿಗುವುದು ಕಡಿಮೆ.

ಸತ್ತವರ ಹೆಸರಿನ ಪುಸ್ತಕ

ಇನ್ನು ಕಾಗದಪತ್ರಗಳು. ಅರ್ಧಕ್ಕೆ ನಿಂತ ಕಾರುಗಳಲ್ಲಿ ಬಹಳಷ್ಟು ಮಾರಾಟಕ್ಕೆ ಬರುವುದು ಮಾಡುತ್ತಿದ್ದವರು ತೀರಿಕೊಂಡ ಮೇಲೆ. ಮಣಿಕರ್ಣಿಕೆಯಲ್ಲಿ ಎಲ್ಲ ಋಣವೂ ಹರಿಯುತ್ತದೆಂದು ನಂಬುತ್ತೇವೆ, ಸಾರಿಗೆ ಕಛೇರಿಯಲ್ಲಿ ಹಾಗಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮಾಲೀಕರು ತೀರಿಕೊಂಡ 30 ದಿನಗಳೊಳಗೆ ವಾರಸುದಾರರು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ತಮ್ಮ ಹೆಸರಿಗೆ ವರ್ಗಾವಣೆ ಕೋರಬೇಕು. ಹೊರಗಿನವರು ಕೊಳ್ಳುವುದು ಅದರ ನಂತರ, ನಮೂನೆ 29 ಮತ್ತು 30ರ ಮೂಲಕ. ಹಲವು ಮಕ್ಕಳಿರುವ ಮನೆಯಲ್ಲಿ ಒಬ್ಬರು ಹಣ ಪಡೆದು ಇನ್ನೊಬ್ಬರು ಸಹಿ ಹಾಕದೆ ಹೋದರೆ ಕಾರು ಕೊಂಡವರ ಶೆಡ್ಡಿನಲ್ಲಿ ಸತ್ತವರ ಹೆಸರಿನಲ್ಲೇ ಉಳಿಯುತ್ತದೆ. 2021ರಿಂದ ಆರ್.ಸಿ.ಯಲ್ಲೇ ನಾಮನಿರ್ದೇಶನಕ್ಕೆ ಅವಕಾಶವಾಗಿದೆ. ಹಳೆಯ ಕಾರಿರುವ ಹಿರಿಯರು ಅದನ್ನು ಇಂದೇ ಮಾಡಿಸಿಡಬಹುದು.

ಇದಕ್ಕಿಂತ ಜಟಿಲವಾದ ಗಂಟು ಇನ್ನೊಂದಿದೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ, ಅನಂತರ ಐದೈದು ವರ್ಷಕ್ಕೆ ನವೀಕರಣ. ಬಿಚ್ಚಿಟ್ಟ ಕಾರಿನ ಅವಧಿ ಎಂದೋ ಮುಗಿದಿರುತ್ತದೆ, ನಮ್ಮದು ಮುಗಿದದ್ದು 2016ರಲ್ಲಿ. ಅವಧಿ ಮುಗಿದದ್ದನ್ನು ಸಾಮಾನ್ಯವಾಗಿ ಮೊದಲು ನವೀಕರಿಸಬೇಕು. ನವೀಕರಣಕ್ಕೆ ಕಾರನ್ನೇ ತಪಾಸಣೆಗೆ ಒಯ್ಯಬೇಕು. ಪೆಟ್ಟಿಗೆಗಳಲ್ಲಿರುವ ಕಾರನ್ನು ಒಯ್ಯುವುದೆಂತು? ಹಾಗಾಗಿ ಕಾರು ಓಡುವವರೆಗೆ ಅದು ಕಾನೂನಿನ ಕಣ್ಣಿನಲ್ಲಿ ನಿಮ್ಮದಾಗುವುದಿಲ್ಲ, ಆದರೆ ಓಡುವಂತೆ ಮಾಡುವ ಖರ್ಚೆಲ್ಲ ನಿಮ್ಮದು. ಛಾಪಾ ಕಾಗದದಲ್ಲಿ ಎಲ್ಲ ವಾರಸುದಾರರ ಸಹಿಯೊಂದಿಗೆ ಒಪ್ಪಂದ ಮಾಡಿಕೊಂಡು, ಹಣದ ಒಂದು ಪಾಲನ್ನು ಹೆಸರು ಬದಲಾದ ದಿನಕ್ಕೆ ಉಳಿಸಿಕೊಳ್ಳುವುದೇ ಇದಕ್ಕಿರುವ ದಾರಿ. ಅಕ್ಕನೊಡನೆ ಛಾಪಾ ಕಾಗದವೇ ಎಂದು ನಾವು ಸಂಕೋಚಪಟ್ಟೆವು. ಅವರೇ ನಗುತ್ತಾ, “ನಿನ್ನ ಭಾವ ಇದ್ದಿದ್ದರೆ ಅವರೇ ಬರೆಸುತ್ತಿದ್ದರು, ಬರೆಸು” ಎಂದರು.

ನವೀಕರಣದ ಶುಲ್ಕವೂ ಈಗ ಹಗುರವಲ್ಲ. 2022ರ ಏಪ್ರಿಲಿನಲ್ಲಿ ಅದು 600 ರೂಪಾಯಿಗಳಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000 ಆಯಿತು. ಕರ್ನಾಟಕದಲ್ಲಿ ಹಸಿರು ತೆರಿಗೆ ಬೇರೆ.

ಪುಸ್ತಕವೇ ಇಲ್ಲದ ಕಾರನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪುಸ್ತಕವಿದ್ದರೆ, ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಪುಸ್ತಕದೊಡನೆ ತಾಳೆ ನೋಡಬೇಕು. ಆ ಸಂಖ್ಯೆ ಇದ್ದ ತಗಡನ್ನೇ ತುಕ್ಕಿನ ನೆಪದಲ್ಲಿ ಕತ್ತರಿಸಿ ಎಸೆದಿರುವ ಕಾರುಗಳನ್ನೂ ನಾವು ನೋಡಿದ್ದೇವೆ. ಎಂಜಿನ್ ಬದಲಾಗಿದ್ದರೆ, ಉದಾಹರಣೆಗೆ ಪೆಟ್ರೋಲಿನದನ್ನು ತೆಗೆದು ಡೀಸೆಲ್ಲಿನದನ್ನು ಕೂರಿಸಿದ್ದರೆ, ಅದಕ್ಕೆ ಅನುಮತಿ ಪಡೆದು ಪುಸ್ತಕದಲ್ಲಿ ದಾಖಲಿಸಿರಬೇಕು.

50 ವರ್ಷ ದಾಟಿದ ಕಾರುಗಳಿಗಾಗಿ 2021ರ ಜುಲೈನಲ್ಲಿ ಬಂದ ಹೊಸ ನಿಯಮಗಳ ಬಗ್ಗೆ ಹಲವರು ಕೇಳುತ್ತಾರೆ. ‘ವಿ.ಎ.’ ಎಂಬ ಅಕ್ಷರಗಳಿರುವ ಈ ವಿಂಟೇಜ್ ನೋಂದಣಿಗೆ ಹೊಸದಾದರೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಈಗಾಗಲೇ ನೋಂದಣಿಯಾದ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಎರಡು ಷರತ್ತುಗಳನ್ನು ಮರೆಯಬಾರದು. ಕಾರು ಮೂಲರೂಪದಲ್ಲಿರಬೇಕು, ಚಾಸಿ, ಒಡಲು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹಿಂದಿನವರು ಎಲ್ಲೆಲ್ಲಿ ಕೊಯ್ದಿದ್ದಾರೋ ತಿಳಿಯದ ಕಾರಿಗೆ ಇದೇ ದೊಡ್ಡ ಅಡ್ಡಿ. ಎರಡನೆಯದಾಗಿ, ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಮತ್ತು ದುರಸ್ತಿಗಳಿಗಲ್ಲದೆ ಅದನ್ನು ನಿತ್ಯ ಓಡಿಸುವಂತಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವುದು. ಆದ್ದರಿಂದ ನಾವು ವಿಂಟೇಜ್ ಗೌರವವನ್ನು ಬಿಟ್ಟು ಸಾಮಾನ್ಯ ನವೀಕರಣವನ್ನೇ ಮಾಡಿಸಿದೆವು. ‘ಎಂ.ವೈ.’ ಎಂದು ಮೊದಲಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆ ಹಾಗೆಯೇ ಉಳಿಯಿತು. ಕಾರನ್ನು ಮುಂಬಯಿಗೆ ತರುವ ಆಸೆಯನ್ನೂ ಬಿಟ್ಟೆವು. ತಂದಿದ್ದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ, ಮಹಾರಾಷ್ಟ್ರದ ತೆರಿಗೆ, ಹೊಸ ಸಂಖ್ಯೆ ಎಲ್ಲ ಆಗಬೇಕಿತ್ತು.

ಬೆಲೆಯ ಮಾತು

ಗುಜರಿಯವರು ಹೇಳಿದ ಬೆಲೆ, ಬಿಡಿಭಾಗಗಳನ್ನು ಒಂದೊಂದಾಗಿ ಮಾರಿದರೆ ಬರುವ ಬೆಲೆ, ಕಾರು ಪೂರ್ಣವಾದ ಮೇಲೆ ಸಿಗಬಹುದಾದ ಬೆಲೆಯಿಂದ ಉಳಿದ ಖರ್ಚನ್ನು ಕಳೆದ ಮೊತ್ತ: ಇವು ಮೂರನ್ನೂ ಬರೆದಿಟ್ಟುಕೊಂಡು ನಡುವೆ ಎಲ್ಲಾದರೂ ಒಪ್ಪಿಕೊಳ್ಳುವುದು ನ್ಯಾಯ. ಮೂರನೆಯದು ಬಹಳ ಸಲ ಸೊನ್ನೆಗಿಂತ ಕೆಳಗೆ ಬರುತ್ತದೆ. ನಮ್ಮದೂ ಹಾಗೆಯೇ ಬಂತು. ಲಾಭಕ್ಕಾಗಿ ಕೊಳ್ಳುವವರು ಅಲ್ಲಿಗೇ ಕೈಬಿಡಬೇಕು. ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆತಂದು ಭಾಗಗಳಿಗೆ ಬೆಲೆ ಕಟ್ಟಿಸಿ ನಾವು ಅಕ್ಕನಿಗೆ ಎರಡನೆಯ ಮೊತ್ತವನ್ನು ಕೊಟ್ಟೆವು. ಭಾವನವರು ಅದಕ್ಕೆ ಸುರಿದದ್ದರ ಕಾಲು ಭಾಗವೂ ಅದಲ್ಲ. ಹುಡುಗನಿಗೆ ಸ್ವಲ್ಪ ಬೇಸರವಾಯಿತೆಂದು ಆಮೇಲೆ ತಿಳಿಯಿತು. ತಂದೆಯ ಎಂಟು ವರ್ಷದ ಶ್ರಮಕ್ಕೆ ಇಷ್ಟೇಯೇ ಎಂದು ಅವನಿಗೆ ಅನ್ನಿಸಿದ್ದರೆ ತಪ್ಪಲ್ಲ. ಮುಂದೆ ಪ್ರತಿ ಬಿಲ್ಲಿನ ಪ್ರತಿಯನ್ನೂ ಅವನಿಗೆ ಕಳುಹಿಸುತ್ತಾ ಹೋದೆವು. ಒಂದು ವರ್ಷದ ಮೇಲೆ ಅವನೇ ರಜೆ ಹಾಕಿ ಬಂದು ವೈರಿಂಗ್ ಕೆಲಸಕ್ಕೆ ಕುಳಿತ.

2025ರ ದೀಪಾವಳಿಗೆ ಕಾರು ಹೊರಗೆ ಬಂತು. ಅಕ್ಕ ಹಿಂದಿನ ಸೀಟಿನಲ್ಲೇ ಕೂರುತ್ತಾರೆ, ಹಿಂದೆಯೂ ಅಲ್ಲಿಯೇ ಕೂರುತ್ತಿದ್ದರಂತೆ. ಉಳಿದದ್ದೆಲ್ಲ ಸರಿಯಾಗಿದೆ. ಹಿಂದಿನ ಎಡ ಬಾಗಿಲಿನ ಕಿಟಕಿ ಏರಿಸುವ ಹಿಡಿಯೊಂದು, 1966ರ ಡಿಲೈಟಿನದು, ಎಲ್ಲಿಯೂ ಸಿಕ್ಕಿಲ್ಲ. ಓದುಗರಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಸಂಘದ ಕಛೇರಿಗೆ ತಿಳಿಸಬೇಕೆಂದು ಕೋರುತ್ತೇವೆ.